ಚಿಕ್ಕಮ್ಮಂಗೆ: ಅಲಾಸ್ಕಾ ಕ್ರೂಸ್‌ಗೆ ಏನೇನು ಬಟ್ಟೆ ತುಂಬ್ಕೋಬೇಕು ಅಂತ

ಚಿಕ್ಕಮ್ಮ, ಬೆಳಿಗ್ಗೆನೇ ನಿಮ್ಮ ಮೆಸೇಜ್ ನೋಡ್ದೆ, ಆಫೀಸಲ್ಲಿದ್ದೆ, ಅದಕ್ಕೆ ಈಗ ಮನೆಗೆ ಬಂದು ಸಾವಕಾಶವಾಗಿ ಹೇಳ್ತಿದೀನಿ, ಉದ್ದ ಆಗುತ್ತೆ, ಚಿಕ್ಕಪ್ಪಂಗೂ ಓದಿ ಹೇಳಿ. ಮೇ ಎರಡನೇ ವಾರ ಸಿಯಾಟಲ್ಲಿಂದ ಅಲಾಸ್ಕಾ ಕ್ರೂಸ್ ಬುಕ್ ಆಯ್ತು, ಮೇ ಅಂದ್ರೆ ಚಳಿ ಮುಗಿದಿರುತ್ತಲ್ವಾ, ಒಂದು ದಪ್ಪ ಜರ್ಕಿನ್ ತಗೊಂಡ್ರೆ ಸಾಕಾ, ಸೀರೆ ಉಡಬಹುದಾ ಅಂತ ಕೇಳಿದ್ರಿ. ಸೀರೆ ಖಂಡಿತ ಉಡಿ, ಅದರ ವಿಷಯ ಆಮೇಲೆ ಹೇಳ್ತೀನಿ. ಆದ್ರೆ ಒಂದೇ ಒಂದು ದಪ್ಪ ಜರ್ಕಿನ್ ನಂಬ್ಕೊಂಡು ಮಾತ್ರ ಬರಬೇಡಿ. ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಹೋದಾಗ ನಾನು ಮಾಡಿದ ತಪ್ಪು ಅದೇ. ಅಮ್ಮನ ಸೂಟ್‌ಕೇಸ್ ತುಂಬಿದ್ದು ನಾನೇ, ಅದರಿಂದ ಅಮ್ಮ ಯಾವುದನ್ನ ನೋಡಬೇಕು ಅಂತ ಅಷ್ಟು ದೂರ ಬಂದಿದ್ಲೋ ಅದೇ ಅವಳಿಗೆ ತಪ್ಪಿ ಹೋಯ್ತು, ನನಗೆ ಅದು ಇನ್ನೂ ಮನಸ್ಸಿಗೆ ಚುಚ್ಚುತ್ತೆ.

ಏನಾಯ್ತು ಅಂದ್ರೆ, ನಾನು ಫೋನಲ್ಲಿ ಹವಾಮಾನ ನೋಡಿ ಹಗಲು 13, 14 ಡಿಗ್ರಿ, ರಾತ್ರಿ 5 ಡಿಗ್ರಿ ಅಂತ ಇತ್ತು, ಇಷ್ಟೇನಾ, ಡಿಸೆಂಬರಲ್ಲಿ ನಮ್ಮೂರಲ್ಲೇ ಬೆಳಗಿನ ಜಾವ 13 ಬರುತ್ತೆ ಅಂದ್ಕೊಂಡು ಅಮ್ಮಂಗೆ ಮೊಣಕಾಲ ತನಕ ಬರೋ ಹತ್ತಿ ತುಂಬಿದ ಕೋಟು ಒಂದು ತಗೊಂಡೆ. ನಮ್ಮೂರಲ್ಲಿ ಹತ್ತು ಗಂಟೆಗೆ ಬಿಸಿಲು ಬಂದು ಮೈ ಕಾಯುತ್ತೆ, ಅಲ್ಲಿ ಆ 13 ಡಿಗ್ರಿನೇ ಮಧ್ಯಾಹ್ನದ ಬಿಸಿಲು, ಮೇಲೆ ಮೋಡ, ಥಂಡಿ. ಅದೂ ಅಲ್ದೆ ಹಡಗು ಗಂಟೆಗೆ 35 ಕಿಲೋಮೀಟರ್ ಹತ್ತಿರ ಹೋಗ್ತಿರುತ್ತೆ, ಗಾಳಿನೇ ಇಲ್ದಿದ್ರೂ ಡೆಕ್ ಮೇಲೆ ನಿಂತ್ರೆ ಬೈಕ್ ಹಿಂದೆ ಕೂತಂಗೆ, ಕಿವಿ ಒಳಗೆಲ್ಲ ನುಗ್ಗುತ್ತೆ.

ನಮ್ಮ ಹಡಗು ಮೊದಲು ನಿಂತಿದ್ದು ಕೆಚಿಕಾನ್ ಅನ್ನೋ ಊರಲ್ಲಿ. ಅಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 3,800 ಮಿಲಿಮೀಟರ್ ಮಳೆ, ಅಂದ್ರೆ ನಮ್ಮ ಆಗುಂಬೆಯ ಅರ್ಧ. ನಮ್ದು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತೆ, ಅಲ್ಲಿ ವರ್ಷಪೂರ್ತಿ ಜಿಟಿಜಿಟಿ ಅಂತ ಹನಿತಾನೇ ಇರುತ್ತೆ. ಅಕ್ಟೋಬರಲ್ಲಿ ಜಾಸ್ತಿ, ಮೇ ತಿಂಗಳಲ್ಲಿ ಕಮ್ಮಿನೇ, ಆದ್ರೂ ನಾವು ಹೋದ ದಿನ ಬಿಡಲಿಲ್ಲ. ಮರದ ಸೇತುವೆ ಮೇಲೆ ಕಟ್ಟಿದ ಹಳೇ ಅಂಗಡಿಗಳು, ಕೆಳಗೆ ಹೊಳೆ, ಅಮ್ಮಂಗೆ ತೀರ್ಥಹಳ್ಳಿ ನೆನಪಾಗಿ ಖುಷಿಯಾಗಿ ಎರಡು ಗಂಟೆ ಓಡಾಡಿದ್ಲು. ಆ ಕೋಟು ನೀರು ಕುಡಿದು ಕುಡಿದು ಒದ್ದೆ ಹಾಸಿಗೆ ಥರ ಭಾರ ಆಯ್ತು. ಹಡಗಿನ ರೂಮು ಎಷ್ಟು ಚಿಕ್ಕದು ಅಂದ್ರೆ ಒಣಗಿ ಹಾಕಕ್ಕೆ ಜಾಗ ಇಲ್ಲ, ಬಾತ್‌ರೂಮಲ್ಲಿ ಎಳೆದು ಕಟ್ಟೋ ಒಂದು ಗೇಣಗಲದ ದಾರ ಇರುತ್ತೆ ಅಷ್ಟೆ, ಬಾಲ್ಕನಿಲಿ ಬಟ್ಟೆ ಹಾಕಂಗಿಲ್ಲ, ಗಾಳಿಗೆ ಹಾರಿ ಹೋಗುತ್ತೆ ಅಂತ ಬಿಡಲ್ಲ. ಮೂರು ದಿನ ಆದ್ರೂ ಕೋಟಿನ ಒಳಗಿನ ಹತ್ತಿ ಒಣಗಲಿಲ್ಲ, ಮುಗ್ಗಲು ವಾಸನೆ ಬಂತು.

ಅಷ್ಟರಲ್ಲಿ ಗ್ಲೇಶಿಯರ್ ಬೇ ಬಂತು. ಅದು ನ್ಯಾಷನಲ್ ಪಾರ್ಕ್, ದಿನಕ್ಕೆ ಎರಡೇ ಕ್ರೂಸ್ ಹಡಗು ಒಳಗೆ ಬಿಡ್ತಾರೆ, ಪಾರ್ಕಿನ ರೇಂಜರ್‌ಗಳು ಹಡಗಿಗೇ ಹತ್ತಿ ಮೈಕಲ್ಲಿ ವಿವರಿಸ್ತಾರೆ. 1794ರಲ್ಲಿ ಜಾರ್ಜ್ ವ್ಯಾಂಕೂವರ್ ಅನ್ನೋ ಬ್ರಿಟಿಷ್ ನಾವಿಕನ ಹಡಗಿನವರು ಬಂದಾಗ ಆ ಕೊಲ್ಲಿ ಪೂರ್ತಿ ಹಿಮದಿಂದ ಮುಚ್ಚಿತ್ತಂತೆ, ಈಗ ಆ ಹಿಮ ನೂರು ಕಿಲೋಮೀಟರ್ ಹಿಂದಕ್ಕೆ ಸರಿದಿದೆ. ಕೊನೇಲಿ ಮಾರ್ಜರಿ ಅಂತ ಒಂದು ಹಿಮನದಿ, ನೀರಿನಿಂದ ಸುಮಾರು 250 ಅಡಿ ಎತ್ತರ ನಿಂತಿದೆ, ನೀಲಿ ಬಣ್ಣ, ಅದರ ಮುಂದೆ ಹಡಗು ಸುಮಾರು ಒಂದು ಗಂಟೆ ನಿಲ್ಲುತ್ತೆ. ಹಿಮದ ಮೇಲಿಂದ ಇಳಿದು ಬರೋ ಗಾಳಿ ಇದೆಯಲ್ಲ ಚಿಕ್ಕಮ್ಮ, ಅದು ಬೇರೆನೇ ಚಳಿ, ಫ್ರಿಜ್ ಬಾಗಿಲು ತೆಗೆದು ಎದುರಿಗೆ ಕೂರಿಸಿದಂಗೆ. ಅಮ್ಮ ಕೋಟಿಲ್ದೆ ಒಂದು ಸ್ವೆಟರ್ ಮೇಲೆ ಶಾಲು ಸುತ್ಕೊಂಡು ಹತ್ತು ನಿಮಿಷ ನಿಂತ್ಲು, ತುಟಿ ನಡುಗಕ್ಕೆ ಶುರುವಾಯ್ತು, ನಾನೇ ಒಳಗೆ ಕರ್ಕೊಂಡು ಹೋಗಿ ಬಿಸಿನೀರು ಕೊಟ್ಟು ಕೂರಿಸಿದೆ. ಅಷ್ಟರಲ್ಲೇ ಬಂಡೆಯಷ್ಟು ಹಿಮ ಕಳಚಿ ನೀರಿಗೆ ಬಿತ್ತು. ಅಲ್ಲಿನ ಮೂಲ ಜನ ಟ್ಲಿಂಗಿಟ್‌ನವರು ಆ ಸದ್ದಿಗೆ ಬಿಳಿ ಗುಡುಗು ಅಂತಾರೆ. ಹೊರಗೆ ನಿಂತಿದ್ದ ಅಪ್ಪ ನೋಡಿದ್ರು, ಅಮ್ಮ ಗಾಜಿನ ಆಚೆ ಕೂತು ಸದ್ದು ಮಾತ್ರ ಕೇಳಿದ್ಲು. ನಿಮ್ಮಕ್ಕ ಒಂದು ಮಾತೂ ಆಡಲಿಲ್ಲ, ಪರವಾಗಿಲ್ಲ ಬಿಡು ಅಂದ್ಲು, ಆದ್ರೆ ನನಗೆ ಗೊತ್ತಲ್ಲ.

ಅದಕ್ಕೇ ಹೇಳ್ತಿರೋದು, ದಪ್ಪದ್ದು ಒಂದು ಬೇಡ, ತೆಳ್ಳಗಿನವು ಮೂರು ಇರಲಿ. ಮೈಗೆ ಅಂಟ್ಕೊಂಡಂಗೆ ಥರ್ಮಲ್, ಅದರ ಮೇಲೆ ಉಣ್ಣೆ ಸ್ವೆಟರ್ ಅಥವಾ ಫ್ಲೀಸ್ ಅಂತ ಬರೋ ಮೆತ್ತನೆ ಸಿಂಥೆಟಿಕ್ ಬಟ್ಟೆದು, ಎಲ್ಲದರ ಮೇಲೆ ಗಾಳಿ ಮಳೆ ಎರಡನ್ನೂ ತಡೆಯೋ ತೆಳು ಜಾಕೆಟ್, ಟೋಪಿ ಸಮೇತ. ಅಪ್ಪ ಹೀಗೇ ಹಾಕ್ಕೊಂಡಿದ್ರು, ಸ್ಕಾಗ್ವೇ ಅನ್ನೋ ಇನ್ನೊಂದು ಊರಲ್ಲಿ ಊಟಿ ರೈಲಿನ ಥರದ ಚಿಕ್ಕ ರೈಲು ಹತ್ತಿದಾಗ, 1898ರಲ್ಲಿ ಚಿನ್ನ ಹುಡುಕೋರ ಕಾಲದಲ್ಲಿ ಕಟ್ಟಕ್ಕೆ ಶುರು ಮಾಡಿದ್ದಂತೆ ಅದು, 32 ಕಿಲೋಮೀಟರಲ್ಲಿ ಹೆಚ್ಚುಕಮ್ಮಿ 2,900 ಅಡಿ ಮೇಲೆ ಹತ್ತುತ್ತೆ, ಕೆಳಗೆ ಚಿಗುರು ಮೇಲೆ ಹಿಮ, ಬೋಗಿ ಒಳಗೆ ಹೀಟರ್ ಇದ್ರೆ ಒಂದು ತೆಗೀತಿದ್ರು ಹೊರಗೆ ಬಂದ್ರೆ ಒಂದು ಹಾಕ್ತಿದ್ರು, ಒಂದು ದಿನನೂ ಚಳಿ ಅನ್ನಲಿಲ್ಲ ಸೆಕೆ ಅನ್ನಲಿಲ್ಲ. ಹತ್ತಿ ಬಟ್ಟೆ ಒದ್ದೆ ಆದ್ರೆ ಮೈಯಿನ ಶಾಖನೇ ಎಳ್ಕೊಳ್ಳುತ್ತೆ, ಉಣ್ಣೆ ಒದ್ದೆ ಆದ್ರೂ ಬೆಚ್ಚಗಿರುತ್ತೆ. ಅಜ್ಜ ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕ್ಕೊಂಡು ಗದ್ದೆಗೆ ಹೋಗ್ತಿದ್ರಲ್ಲ, ಇಡೀ ದಿನ ನೆಂದ್ರೂ ನೆಗಡಿ ಆಗ್ತಿರಲಿಲ್ಲ ಅಂತ ನೀವೇ ಹೇಳ್ತಿದ್ರಿ, ಅದೇ ಲೆಕ್ಕ ಇದು.

ಜಾಕೆಟ್ ತಗೊಳ್ಳುವಾಗ ಚೀಟಿ ಮೇಲೆ ವಾಟರ್ ರೆಸಿಸ್ಟೆಂಟ್ ಅಂತ ಇದ್ರೆ ಬೇಡ, ಅದು ಹತ್ತು ನಿಮಿಷದ ಹನಿಗೆ ಮಾತ್ರ, ವಾಟರ್‌ಪ್ರೂಫ್ ಅಂತಲೇ ಇರಬೇಕು, ಒಳಗಡೆ ಹೊಲಿಗೆ ಮೇಲೆಲ್ಲ ಟೇಪ್ ಅಂಟಿಸಿರ್ತಾರೆ, ತಿರುಗಿಸಿ ನೋಡಿ. ಪ್ಲಾಸ್ಟಿಕ್ ರೈನ್‌ಕೋಟ್ ಒಳಗೆ ಬೆವೆತು ಅದೇ ಒದ್ದೆ ಆಗುತ್ತೆ. ಕೊಡೆ ತರಬೇಡಿ, ಗಾಳಿಗೆ ಉಲ್ಟಾ ಆಗುತ್ತೆ.

ಈಗ ಸೀರೆ. ಹಡಗಿನ ಒಳಗೆ ಬೆಚ್ಚಗಿರುತ್ತೆ, ರಾತ್ರಿ ಊಟಕ್ಕೆ ಒಂದೆರಡು ದಿನ ಎಲ್ಲರೂ ಚೆನ್ನಾಗಿ ಡ್ರೆಸ್ ಮಾಡ್ಕೊಂಡು ಬರ್ತಾರೆ, ಅವತ್ತು ಮೈಸೂರ್ ಸಿಲ್ಕ್ ಉಡಿ. ರೂಮಲ್ಲಿ ಇಸ್ತ್ರಿ ಪೆಟ್ಟಿಗೆ ಬಿಡಲ್ಲ, ಬೆಂಕಿ ಭಯಕ್ಕೆ, ಆದ್ದರಿಂದ ಗಂಜಿ ಹಾಕಿದ ಕಾಟನ್ ಸೀರೆ ಒಂದೂ ಬೇಡ. ಮೈಸೂರ್ ಸಿಲ್ಕ್ ಮಡಿಚಿದ್ರೆ ಅಂಗೈಯಷ್ಟಾಗುತ್ತೆ, ಸುಕ್ಕೂ ಬೀಳಲ್ಲ, ಅಮ್ಮ ನೇರಳೆ ಬಣ್ಣದ್ದು ಉಟ್ಟಾಗ ಎಷ್ಟು ಜನ ಬಂದು ಮಾತಾಡಿಸಿದ್ರು ಗೊತ್ತಾ. ಆದ್ರೆ ಊರಿಗೆ ಇಳಿಯೋ ದಿನ, ತಿಮಿಂಗಿಲ ನೋಡಕ್ಕೆ ಚಿಕ್ಕ ದೋಣಿ ಹತ್ತೋ ದಿನ ದಯವಿಟ್ಟು ಚೂಡಿದಾರ್ ಹಾಕ್ಕೊಳ್ಳಿ, ನೆರಿಗೆ ತುದಿ ಒದ್ದೆ ಆದ್ರೆ ದಿನವಿಡೀ ಕಾಲಿಗೆ ಅಂಟುತ್ತೆ, ದೋಣಿ ಮೆಟ್ಟಿಲಲ್ಲಿ ತುಳ್ಕೊಂಡು ಬೀಳ್ತೀರ ಅನ್ನೋದು ನನ್ನ ದೊಡ್ಡ ಭಯ. ಇಲ್ಲ, ಸೀರೆನೇ ಅಂದ್ರೆ ಸಿಂಥೆಟಿಕ್ ಸೀರೆ ನಾಲ್ಕು ಬೆರಳು ಎತ್ತಿ ಉಡಿ, ಲಂಗದ ಒಳಗೆ ಥರ್ಮಲ್ ಪ್ಯಾಂಟ್ ಇರಲೇಬೇಕು, ಮೇಲೆ ಪೂರ್ತಿ ತೋಳಿನ ಬ್ಲೌಸ್.

ಕಾಲು ತುಂಬಾ ಮುಖ್ಯ. ಚಪ್ಪಲಿ ರೂಮೊಳಗೆ ಮಾತ್ರ. ಹೊರಗೆ ನೀರಿಳಿಯದ ಶೂ, ಅರ್ಧ ಸೈಜ್ ದೊಡ್ಡದು, ಯಾಕಂದ್ರೆ ಉಣ್ಣೆ ಸಾಕ್ಸ್ ದಪ್ಪ ಇರುತ್ತೆ. ನಿಮ್ಮ ಕಾಲುಂಗುರ ಅಗಲವಾದ್ದು ಅಲ್ವಾ, ಬಿಗಿ ಶೂ ಒಳಗೆ ಪಕ್ಕದ ಬೆರಳಿಗೆ ಒತ್ತಿ ಅಮ್ಮಂಗೆ ಗಾಯ ಆಯ್ತು, ತೆಗಿಯಲ್ಲ ಅಂತ ಗೊತ್ತು, ತೆಳ್ಳಗಿನ ಒಂದು ಸುತ್ತಿನದು ಹಾಕ್ಕೊಂಡು ಬನ್ನಿ. ಚಿಕ್ಕಪ್ಪಂಗೆ ಮಂಕಿ ಕ್ಯಾಪ್, ಮಫ್ಲರ್ ಧಾರಾಳವಾಗಿ ತನ್ನಿ, ನಾಚ್ಕೊಳ್ಳೋದೇನಿಲ್ಲ, ಅಲ್ಲಿ ಎಲ್ಲರದೂ ಕಿವಿ ಮುಚ್ಚೇ ಇರುತ್ತೆ. ಗ್ಲೌಸ್ ಎರಡು ಜೊತೆ, ಒಂದು ಒದ್ದೆ ಆಗೇ ಆಗುತ್ತೆ. ರಾತ್ರಿ ಒಂಬತ್ತೂವರೆ ತನಕ ಬೆಳಕಿರುತ್ತೆ, ಕಣ್ಣಿಗೆ ಕಟ್ಕೊಳ್ಳಕ್ಕೆ ಒಂದು ಬಟ್ಟೆ ಇಟ್ಕೊಳ್ಳಿ.

ಹತ್ತೋ ದಿನ ದೊಡ್ಡ ಸೂಟ್‌ಕೇಸ್ ಅವರೇ ತಗೋತಾರೆ, ರೂಮಿಗೆ ಬರೋದು ಸಂಜೆ ಆಗಬಹುದು, ಆದ್ರಿಂದ ಬಿಪಿ ಮಾತ್ರೆ, ಪಾಸ್‌ಪೋರ್ಟ್, ಒಂದು ಸ್ವೆಟರ್, ಜಾಕೆಟ್ ಕೈಚೀಲದಲ್ಲೇ ಇರಲಿ. ಇಳಿಯೋ ಹಿಂದಿನ ರಾತ್ರಿ ಸೂಟ್‌ಕೇಸ್ ಬಾಗಿಲ ಹೊರಗೆ ಇಡಿ ಅಂತಾರೆ, ಬೆಳಿಗ್ಗೆ ಹಾಕೋ ಬಟ್ಟೆ, ಶೂ ತೆಗೆದಿಟ್ಟು ಆಮೇಲೆ ಮುಚ್ಚಿ. ಇನ್ನೊಂದು, ಬಟ್ಟೆ ವಿಷಯ ಅಲ್ಲ ಆದ್ರೂ, ಸಿಯಾಟಲ್ ಹಡಗು ಕೊನೇಲಿ ಕೆನಡಾದ ವಿಕ್ಟೋರಿಯಾಲಿ ನಿಲ್ಲುತ್ತೆ, ಇಂಡಿಯನ್ ಪಾಸ್‌ಪೋರ್ಟಿಗೆ ಕೆನಡಾ ವೀಸಾನೂ ಬೇಕು, ಅಲ್ಲಿಂದ ವಾಪಸ್ ಬರಕ್ಕೆ ಅಮೆರಿಕದ್ದು ಮಲ್ಟಿಪಲ್ ಎಂಟ್ರಿ, ಅಂದ್ರೆ ಒಂದಕ್ಕಿಂತ ಜಾಸ್ತಿ ಸಲ ಒಳಗೆ ಬಿಡೋ ವೀಸಾ ಇರಬೇಕು, ತಮ್ಮಂಗೆ ಇವತ್ತೇ ಕೇಳಿ.

ಊರಿಂದ ತರಬೇಕಾಗಿರೋದು ಥರ್ಮಲ್ ತಲಾ ಎರಡು ಜೊತೆ, ಮನೇಲಿರೋ ಉಣ್ಣೆ ಸ್ವೆಟರ್, ಶಾಲು ಅಷ್ಟೆ. ಜಾಕೆಟ್ ನೀವು ತಗೋಬೇಡಿ ಚಿಕ್ಕಮ್ಮ. ಟ್ರಿಪ್ ಮುಗಿದು ಬಂದ ವಾರವೇ ಅಮ್ಮಂಗೆ ಅಂತ ಒಳ್ಳೆ ವಾಟರ್‌ಪ್ರೂಫ್ ಜಾಕೆಟ್ ತಂದಿದ್ದೆ, ಕುಂಕುಮದ ಬಣ್ಣದ್ದು, ಅಮ್ಮ ಊರಿಗೆ ಹೋಗುವಾಗ ತಂಗಿ ಬಂದಾಗ ಹಾಕ್ಕೊಳ್ಳಲಿ ಅಂತ ಇಲ್ಲೇ ಬಿಟ್ಟು ಹೋಗಿದ್ದಾಳೆ, ಬೀರುಲಿ ಇದೆ, ನಿಮಗೆ ಸರಿಯಾಗುತ್ತೆ. ಚಿಕ್ಕಪ್ಪಂದು ಮಾತ್ರ ಇಲ್ಲಿ ತಗೊಳ್ಳೋಣ, ಶೂನೂ ಇಲ್ಲೇ. ನಾಳೆ ಇಬ್ರೂ ಒಂದೊಂದು ಬಿಳಿ ಹಾಳೆ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಲ್ಲಿ ಗೆರೆ ಎಳೆಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದು ನನಗೆ ಕಳಿಸಿ, ಸಾಯಂಕಾಲ ತೆಗೀರಿ, ಬೆಳಿಗ್ಗೆಗಿಂತ ಸಂಜೆ ಕಾಲು ಸ್ವಲ್ಪ ಊದಿರುತ್ತೆ.