ಡಿಬಿಎ (ಡೇಟಾಬೇಸ್ ಅಡ್ಮಿನಿಸ್ಟ್ರೇಟರ್) ಆಗಬೇಕು: ಎಸ್‌ಕ್ಯೂಎಲ್ ಬರುತ್ತೆ, ಮುಂದೇನು?

ಹೊಸಪಾಳಿ:
ಅಪ್ಲಿಕೇಶನ್ ಸಪೋರ್ಟ್‌ನಲ್ಲಿದ್ದೇನೆ. ಜಾಯಿನ್, ಗ್ರೂಪ್ ಬೈ ಎಲ್ಲ ಬರೆಯಬಲ್ಲೆ, ಲಿನಕ್ಸ್ ಅಷ್ಟಕ್ಕಷ್ಟೆ. ಮೊದಲು ಸರ್ಟಿಫಿಕೇಟ್ ಮಾಡಬೇಕಾ? ಡೇಟಾಬೇಸ್ ಸಾಫ್ಟ್‌ವೇರ್‌ಗಳಲ್ಲಿ ಒರಾಕಲ್ಲಾ, ಪೋಸ್ಟ್‌ಗ್ರೆಸ್ಸಾ? ಇಂಟರ್‌ವ್ಯೂನಲ್ಲಿ ನಿಜಕ್ಕೂ ಏನು ಕೇಳ್ತಾರೆ?

ರಾತ್ರಿಪಾಳಿ:
ಸರ್ಟಿಫಿಕೇಟ್ ಆಮೇಲೆ. ಕ್ವೆರಿ ಯಾರು ಬೇಕಾದರೂ ಬರೀತಾರೆ, ಹೋದ ಡೇಟಾ ವಾಪಸ್ ತರೋರಿಗೇ ಡಿಬಿಎ ಅನ್ನೋದು. ಪೋಸ್ಟ್‌ಗ್ರೆಸ್ ಪುಕ್ಕಟೆ. 2 ಜಿಬಿ ರ‍್ಯಾಮ್‌ನ ಎರಡು ಲಿನಕ್ಸ್ ವರ್ಚುವಲ್ ಮೆಷಿನ್ ಸಾಕು.

ಅಳಿಸಿದ ಟೇಬಲ್ ವಾಪಸ್ ತರೋ ಅಭ್ಯಾಸ ಹೀಗೆ ಮಾಡಿ. ಮೊದಲು ಆರ್ಕೈವ್_ಮೋಡ್ ಆನ್ ಮಾಡಿ. ಇದಕ್ಕೆ ರೀಲೋಡ್ ಸಾಲದು, ರೀಸ್ಟಾರ್ಟೇ ಬೇಕು. ತಲಾ 16 ಎಂಬಿಯ ವಾಲ್ ಫೈಲ್‌ಗಳು (ಡೇಟಾಬೇಸ್‌ನ ಬದಲಾವಣೆಗಳು ದಾಖಲಾಗೋ ಲಾಗ್) ಎರಡನೇ ಮೆಷಿನ್‌ಗೆ ಹೋಗೋ ಹಾಗೆ ಆರ್ಕೈವ್_ಕಮಾಂಡ್ ಬರೆಯಿರಿ. ಪಿಜಿ_ಬೇಸ್‌ಬ್ಯಾಕಪ್ ತೆಗೆದು, ಒಂದಷ್ಟು ಸಾಲು ಸೇರಿಸಿ, ಸಮಯ ಬರೆದಿಟ್ಟುಕೊಂಡು ಟೇಬಲ್ ಡ್ರಾಪ್ ಮಾಡಿ. ಕೂಡಲೇ ಪಿಜಿ_ಸ್ವಿಚ್_ವಾಲ್ ಓಡಿಸಿ. ಇದನ್ನು ಮರೆತರೆ ಕೊನೇ ವಾಲ್ ಫೈಲ್ ಆರ್ಕೈವ್‌ಗೆ ಹೋಗಿರಲ್ಲ, ಗುರಿ (ನೀವು ಬರೆದಿಟ್ಟ ಸಮಯ) ಮುಟ್ಟೋಕೆ ಮುಂಚೆಯೇ ರಿಕವರಿ ಮುಗೀತು ಅಂತ ಹೇಳಿ ಸರ್ವರ್ ನಿಂತುಹೋಗುತ್ತೆ. ಕಲಿಯೋರು ಹೆಚ್ಚಾಗಿ ಸಿಕ್ಕಿಬೀಳೋದು ಇಲ್ಲೇ.

ಈಗ ಬ್ಯಾಕಪ್ಪನ್ನು ಬೇರೆ ಡೈರೆಕ್ಟರಿಗೆ ಹಾಕಿ. ರಿಸ್ಟೋರ್_ಕಮಾಂಡ್, ರಿಕವರಿ_ಟಾರ್ಗೆಟ್_ಟೈಮ್ ಕೊಟ್ಟು (ಬರೆದಿಟ್ಟ ಸಮಯ, ಟೈಮ್‌ಝೋನ್ ಸಮೇತ), ರಿಕವರಿ.ಸಿಗ್ನಲ್ ಅನ್ನೋ ಖಾಲಿ ಫೈಲ್ ಇಟ್ಟು ಸ್ಟಾರ್ಟ್ ಮಾಡಿ. ಹಳೇ ಲೇಖನ ನೋಡಿ ರಿಕವರಿ.ಕಾನ್ಫ್ ಇಟ್ಟೀರಿ, 12ನೇ ಆವೃತ್ತಿಯಿಂದ ಅದಿದ್ದರೆ ಸರ್ವರ್ ಏಳೋದೇ ಇಲ್ಲ. ಗುರಿ ಮುಟ್ಟಿದ ಮೇಲೆ ಓದೋಕೆ ಮಾತ್ರ ಬಿಡುತ್ತೆ. ಟೇಬಲ್ ಇದೆ ಅಂತ ಖಾತ್ರಿಯಾದ ಮೇಲೆ ಪಿಜಿ_ವಾಲ್_ರಿಪ್ಲೇ_ರೆಸ್ಯೂಮ್ ಕೊಡಿ.

ಸಾಲುಕಂಬ:
ಇಂಟರ್‌ವ್ಯೂ ಬಗ್ಗೆ. "ರೆಪ್ಲಿಕಾ (ಜೊತೆಜೊತೆಗೇ ಬದಲಾಗೋ ನಕಲು ಸರ್ವರ್) ಇದೆಯಲ್ಲ, ಬ್ಯಾಕಪ್ ಯಾಕೆ?" ಅಂತ ಕೇಳಿದರೆ, ಡ್ರಾಪ್ ಟೇಬಲ್ ರೆಪ್ಲಿಕಾಗೂ ಹೋಗುತ್ತೆ ಅನ್ನೋದು ಉತ್ತರ.

ನಿಧಾನದ ಕ್ವೆರಿ ಕೊಟ್ಟರೆ ಎಕ್ಸ್‌ಪ್ಲೇನ್ ಅನಲೈಸ್‌ನಲ್ಲಿ ಅಂದಾಜು ಸಾಲು ಎಷ್ಟು, ನಿಜವಾಗಿ ಬಂದದ್ದೆಷ್ಟು ಅಂತ ಹೋಲಿಸಿ. ಅಂದಾಜು 10, ಬಂದದ್ದು 10 ಲಕ್ಷ ಅಂದರೆ ಮೊದಲ ಅನುಮಾನ ಹಳತಾದ ಸ್ಟ್ಯಾಟಿಸ್ಟಿಕ್ಸ್ (ಟೇಬಲ್‌ನಲ್ಲಿ ಏನೆಷ್ಟಿದೆ ಅನ್ನೋ ಲೆಕ್ಕ) ಮೇಲೆ. ಆ ಟೇಬಲ್ ಮೇಲೆ ಅನಲೈಸ್ ಓಡಿಸಿ. ಎಕ್ಸ್‌ಪ್ಲೇನ್ ಅನಲೈಸ್ ಕ್ವೆರಿಯನ್ನು ನಿಜಕ್ಕೂ ಓಡಿಸುತ್ತೆ, ಡಿಲೀಟ್ ಆದರೆ ಬಿಗಿನ್, ರೋಲ್‌ಬ್ಯಾಕ್ ನಡುವೆ ಇಡಿ.

ಡಿಸ್ಕ್ ತುಂಬಿದೆ ಅಂದರೆ ಪಿಜಿ_ವಾಲ್‌ನೊಳಗಿನ ಫೈಲ್‌ಗಳನ್ನು ಕೈಯಾರೆ ಅಳಿಸ್ತೀನಿ ಅನ್ನಬೇಡಿ, ಕೆಲಸ ಅಲ್ಲಿಗೇ ಹೋಯ್ತು! ಯಾರೂ ಬಳಸದ ರೆಪ್ಲಿಕೇಶನ್ ಸ್ಲಾಟ್ (ರೆಪ್ಲಿಕಾಗಾಗಿ ವಾಲ್ ಫೈಲ್ ಹಿಡಿದಿಡೋದು) ಉಳಿದಿದೆಯಾ, ಆರ್ಕೈವ್_ಕಮಾಂಡ್ ಫೇಲ್ ಆಗ್ತಿದೆಯಾ ನೋಡಿ.

ಹೊಸಪಾಳಿ:
ಹಾಗಾದ್ರೆ ಒರಾಕಲ್ ಬಿಡ್ಲಾ? ಕ್ಲೌಡ್‌ನಲ್ಲಿ ಬ್ಯಾಕಪ್ ತಾನಾಗೇ ಆಗುತ್ತೆ ಅಂತಾರಲ್ಲ?

ಬೀಗದಕೈ:
ಸರ್ಟಿಫಿಕೇಟ್ ವಿಷಯದಲ್ಲಿ ರಾತ್ರಿಪಾಳಿಯವರ ಮಾತು ಪೂರ್ತಿ ಒಪ್ಪಲ್ಲ. ರೆಸ್ಯೂಮೆ ಜರಡಿ ಹಿಡಿಯೋರು ಡಿಬಿಎ ಆಗಿರಲ್ಲ, ಅವರಿಗೆ ಕಾಣೋದು ಅದೇ. ನೀವು ಅರ್ಜಿ ಹಾಕೋ ಕಡೆ ಒರಾಕಲ್ ಕೇಳಿದರೆ ಅದರ ಬ್ಯಾಕಪ್ ಸಾಧನ ಆರ್‌ಮ್ಯಾನ್, ರೆಪ್ಲಿಕಾ ವ್ಯವಸ್ಥೆ ಡೇಟಾ ಗಾರ್ಡ್ ಕಲೀರಿ. ಮೇಲಿನ ಅಭ್ಯಾಸ ಮಾಡಿದ್ದರೆ ಕಮಾಂಡ್ ಬೇರೆ, ತರ್ಕ ಅದೇ.

ಕ್ಲೌಡ್ ಬ್ಯಾಕಪ್ ತೆಗೆಯುತ್ತೆ, ಲಾಕ್ ಬಿಡಿಸಲ್ಲ. ಒಂದು ಟೇಬಲ್ ಮೇಲೆ ಉದ್ದದ ಟ್ರಾನ್ಸಾಕ್ಷನ್ ನಡೀತಿರುವಾಗ ಅದಕ್ಕೇ ಆಲ್ಟರ್ ಟೇಬಲ್ ಕೊಟ್ಟರೆ ಅದೂ ಕಾಯುತ್ತೆ, ಅದರ ಹಿಂದೆ ಬಂದ ಸೆಲೆಕ್ಟ್‌ಗಳೂ ಸಾಲುಗಟ್ಟುತ್ತವೆ. ಮೊದಲು ಲಾಕ್_ಟೈಮ್‌ಔಟ್ 2 ಸೆಕೆಂಡ್ ಇಡಿ, ಫೇಲಾದರೆ ಸ್ವಲ್ಪ ಬಿಟ್ಟು ಮತ್ತೆ ಓಡಿಸಿ. ಎರಡು ಸೆಷನ್ ತೆರೆದು ಇದನ್ನೂ ಮಾಡಿ ನೋಡಿ, ಯಾರು ಯಾರನ್ನು ತಡೆದಿದ್ದಾರೆ ಅನ್ನೋದನ್ನ ಪಿಜಿ_ಬ್ಲಾಕಿಂಗ್_ಪಿಡ್ಸ್ ತೋರಿಸುತ್ತೆ.