ಎರೆ ಮಣ್ಣಿನ ಪಾರ್ಕ್, 25 ಲಕ್ಷದ ಅಂದಾಜು: ಮೊದಲು ಯಾವುದಕ್ಕೆ ಖರ್ಚು ಮಾಡಬೇಕು?

ಬಡಾವಣೆ_ಸಂಘ (ಪ್ರಶ್ನೆ)

ಹುಬ್ಬಳ್ಳಿಯ ಬಡಾವಣೆಯೊಂದರ ಪಾರ್ಕ್. 84 ಮೀಟರ್ ಉದ್ದ, 60 ಮೀಟರ್ ಅಗಲ, ಅಂದರೆ ಸುಮಾರು 1 ಎಕರೆ 10 ಗುಂಟೆ. ಎರೆ ಮಣ್ಣು. ಕಾಂಪೌಂಡ್ ಗೋಡೆ ಎರಡು ಕಡೆ ಬಿರುಕು ಬಿಟ್ಟು ವಾಲಿದೆ. ಒಂದು ಬೋರ್‌ವೆಲ್ ಬತ್ತಿದೆ. ದೀಪಗಳಿಲ್ಲ. ವಾರ್ಡಿನ ಕ್ರಿಯಾ ಯೋಜನೆಯಲ್ಲಿ 25 ಲಕ್ಷ ಸಿಗುವ ಸಾಧ್ಯತೆ ಇದೆ, ಒಂದು ಕಂಪನಿ ಸಿಎಸ್‌ಆರ್‌ನಲ್ಲಿ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ) 15 ಲಕ್ಷ ಕೊಡಲು ಸಿದ್ಧವಿದೆ. ಗುತ್ತಿಗೆದಾರರೊಬ್ಬರು ಮಾಡಿಕೊಟ್ಟ ಅಂದಾಜಿನಲ್ಲಿ ಕಾರಂಜಿ, ಓಪನ್ ಜಿಮ್, ಗಜೀಬೊ, ದೀಪದ ಕಮಾನು, ಇಂಟರ್‌ಲಾಕ್ ವಾಕಿಂಗ್ ಪಾತ್ ಮತ್ತು ಉಳಿದ ಜಾಗಕ್ಕೆಲ್ಲ ಲಾನ್ ಇದೆ.

ಕೇಳಬೇಕಾದದ್ದು ಮೂರು. ಕೆಲಸದ ಕ್ರಮ ಹೇಗಿರಬೇಕು? ಬೇರೆ ಯಾವ ಬಾಬ್ತಿನಿಂದ ಹಣ ಕೇಳಬಹುದು? ಮುಗಿದ ಮೇಲೆ ನಿರ್ವಹಣೆಯ ಹಣ ಎಲ್ಲಿಂದ?

ಅಳತೆಪಟ್ಟಿ

ಈ ಅಂದಾಜಿನಲ್ಲಿ ಇರುವುದಕ್ಕಿಂತ ಇಲ್ಲದಿರುವುದು ಮುಖ್ಯ. ಮಣ್ಣಿನ ಕೆಲಸ ಎಲ್ಲಿದೆ? ಚರಂಡಿ ಎಲ್ಲಿದೆ?

ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಮರಳು ಹಾಸಿ ಪೇವರ್ (ಇಂಟರ್‌ಲಾಕ್ ಬಿಲ್ಲೆ) ಜೋಡಿಸಿದರೆ ಎರಡನೇ ಮಳೆಗಾಲಕ್ಕೆ ದಾರಿ ಅಲೆಯಂತಾಗುತ್ತದೆ, ವಾಕಿಂಗ್ ಬರುವ ವಯಸ್ಸಾದವರು ಎಡವುತ್ತಾರೆ. ಬೇಲಿಯಿಂದ ಒಂದೂವರೆ ಮೀಟರ್ ಒಳಗೆ 1.8 ಮೀಟರ್ ಅಗಲದ ದಾರಿ ಹಾಕಿದರೆ ಉದ್ದ ಸುಮಾರು 270 ಮೀಟರ್, ವಿಸ್ತೀರ್ಣ 486 ಚದರ ಮೀಟರ್. ಅಷ್ಟೂ ಜಾಗದಲ್ಲಿ 450 ಎಂಎಂ ಎರೆ ಮಣ್ಣು ತೆಗೆದು ಮೊರಂ (ಗರಸು ಮಣ್ಣು) ತುಂಬಬೇಕು. 150 ಎಂಎಂನ ಮೂರು ಪದರ, ಪ್ರತಿ ಪದರಕ್ಕೂ ನೀರು ಹೊಡೆದು ರೋಲರ್. ಗಟ್ಟಿಯಾದ ಮೇಲಿನ ಅಳತೆ ಸುಮಾರು 220 ಘನ ಮೀಟರ್, ತರಿಸುವಾಗ ಸಡಿಲು ಅಳತೆಯಲ್ಲಿ 280ರಷ್ಟು ಹಿಡಿಯಿರಿ. ಅಂದಾಜಿನಲ್ಲಿ ಈ ಒಂದು ಸಾಲು ಇಲ್ಲದಿದ್ದರೆ ಪೇವರ್‌ಗೆ ಹಾಕಿದ ದುಡ್ಡು ನೀರಿಗೆ ಹಾಕಿದಂತೆ. ಪೇವರ್ 60 ಎಂಎಂ, ಎಂ-35 ದರ್ಜೆಯ ಕಾಂಕ್ರೀಟಿನದು ಇರಲಿ. ಬರೀ ನಡೆಯುವವರಿಗೆ 50 ಎಂಎಂ ಸಾಕು, ಆದರೆ ಕಸದ ಟ್ರ್ಯಾಕ್ಟರ್ ಒಳಗೆ ಬಂದೇ ಬರುತ್ತದೆ. ಕೆಳಗೆ 30–40 ಎಂಎಂ ಮರಳು, ಎರಡೂ ಅಂಚಿಗೆ ಕಾಂಕ್ರೀಟಿನಲ್ಲಿ ಕೂರಿಸಿದ ಕರ್ಬ್ ಕಲ್ಲು, 50ಕ್ಕೆ 1ರಷ್ಟು ಅಡ್ಡ ಇಳಿಜಾರು. ಅಂಚು ಬಿಗಿಯಾಗಿಲ್ಲದಿದ್ದರೆ ಮರಳು ಪಕ್ಕಕ್ಕೆ ಜಾರಿ ಪೇವರ್ ಬಿಡಿಬಿಡಿಯಾಗುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಎಲ್ಲ ಕಡೆ ತಪ್ಪುವುದು ಇದೇ. ಪೇವರ್ ಹಾಕುವ ಮೊದಲು ಪ್ರತಿ 25 ಮೀಟರಿಗೆ ಒಂದರಂತೆ ದಾರಿಯ ಅಡ್ಡಕ್ಕೆ 110 ಎಂಎಂ ಪಿವಿಸಿ ಪೈಪ್ ಹೂತಿಡಿ, ಎರಡೂ ತುದಿಗೆ ಮುಚ್ಚಳ ಹಾಕಿ, ಮೇಲೆ ಗುರುತಿನ ಕಲ್ಲು ನೆಡಿ. ಕೇಬಲ್, ನೀರಿನ ಪೈಪ್ ಎಲ್ಲ ಅದರೊಳಗೇ ಹೋಗಬೇಕು. ಇಲ್ಲದಿದ್ದರೆ ಸಿವಿಲ್ ಗುತ್ತಿಗೆದಾರ ಹಾಕಿದ ದಾರಿಯನ್ನು ತಿಂಗಳೊಳಗೆ ಎಲೆಕ್ಟ್ರಿಕಲ್ ಗುತ್ತಿಗೆದಾರ ಅಗೆಯುತ್ತಾನೆ. ಕೆಲಸವನ್ನು ತುಂಡು ಗುತ್ತಿಗೆ ಮಾಡಿ ನಾಲ್ವರಿಗೆ ಹಂಚಿದಾಗ ಇದು ಖಂಡಿತ.

ಕಾಂಪೌಂಡ್ ಗೋಡೆಯನ್ನು ಮತ್ತೆ ಅದೇ ತರಹ ಕಟ್ಟಬೇಡಿ. ಸುತ್ತಳತೆ 288 ಮೀಟರ್. ಎರೆ ಭೂಮಿಯಲ್ಲಿ ಸಾದಾ ಕಲ್ಲಿನ ಪಾಯದ ಮೇಲೆ ಆರಡಿ ಗೋಡೆ ನಿಲ್ಲುವುದಿಲ್ಲ. ಅಂಡರ್-ರೀಮ್ಡ್ ಪೈಲ್ (ಬುಡದಲ್ಲಿ ಅಗಲವಾಗುವ, ನೆಲದೊಳಗಿನ ಕಾಂಕ್ರೀಟ್ ಕಂಬ) ಹಾಕಿ, ಮೇಲೆ ಪ್ಲಿಂತ್ ಬೀಮ್ (ಗೋಡೆ ಹೊರುವ ಅಡ್ಡ ತೊಲೆ), ಅದರ ಮೇಲೆ ಎರಡಡಿ ಗೋಡೆ, ಉಳಿದದ್ದು ಕಬ್ಬಿಣದ ಗ್ರಿಲ್. ಬೀಮಿನ ಅಡಿಗೆ 75 ಎಂಎಂ ಖಾಲಿ ಬಿಡಿಸಿ, ಮಣ್ಣು ಉಬ್ಬಲು ಜಾಗ ಬೇಕು. ಗ್ರಿಲ್ ಇದ್ದರೆ ರಸ್ತೆಯಿಂದ ಒಳಗೆ ಕಾಣುತ್ತದೆ. ಸಂಜೆ ಹೆಣ್ಣುಮಕ್ಕಳು ಬರುತ್ತಾರೋ ಇಲ್ಲವೋ ಎಂಬುದನ್ನು ದೀಪಕ್ಕಿಂತ ಹೆಚ್ಚಾಗಿ ಇದು ತೀರ್ಮಾನಿಸುತ್ತದೆ.

ದೀಪದ ಕಮಾನು ಬಿಡಿ. 4 ಮೀಟರ್ ಕಂಬ, 30 ವ್ಯಾಟ್ ಎಲ್‌ಇಡಿ, 14 ಮೀಟರಿಗೆ ಒಂದರಂತೆ 20 ಕಂಬ ಸಾಕು. ಆರ್ಮರ್ಡ್ ಕೇಬಲ್, ಮುಕ್ಕಾಲು ಮೀಟರ್ ಆಳ, ಮೀಟರ್ ಪೆಟ್ಟಿಗೆಯಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್), ಪ್ರತಿ ಕಂಬಕ್ಕೂ ಅರ್ತಿಂಗ್. ಕಂಬದ ಜಂಕ್ಷನ್ ಬಾಕ್ಸ್ ನೆಲದಿಂದ ಒಂದು ಮೀಟರ್ ಮೇಲಿರಲಿ. ನೆಲಮಟ್ಟದಲ್ಲಿಟ್ಟರೆ ಮಳೆನೀರು ನುಗ್ಗುತ್ತದೆ, ಮಕ್ಕಳು ಮುಟ್ಟುವ ಜಾಗ ಅದು.

ಕಡತ_ಕಪಾಟು

ಹಣಕ್ಕಿಂತ ಮೊದಲು ಕಾಗದ. ಮಂಜೂರಾದ ಬಡಾವಣೆ ನಕ್ಷೆಯಲ್ಲಿ ಆ ಜಾಗ ಉದ್ಯಾನ ಎಂದೇ ಇದೆಯೇ, ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿದೆಯೇ ನೋಡಿ. ಹಸ್ತಾಂತರ ಆಗದ ಜಾಗಕ್ಕೆ ಪಾಲಿಕೆಯ ಹಣ ಹಾಕಿದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ, ಆ ಭಯಕ್ಕೇ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಆಮೇಲೆ ಹದ್ದುಬಸ್ತು (ಗಡಿಯ ಸರ್ವೆ) ಮಾಡಿಸಿ, ನಾಲ್ಕೂ ಮೂಲೆಗೆ ಕಲ್ಲು ನೆಡಿಸಿ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆ ತನ್ನ ಉದ್ಯಾನಗಳ ಪಟ್ಟಿಯನ್ನು ನಕ್ಷೆಸಹಿತ ತಯಾರಿಸಬೇಕು. ಆ ಪಟ್ಟಿಯಲ್ಲಿ ನಿಮ್ಮ ಪಾರ್ಕ್ ಇದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಇದೆಲ್ಲ ಯಾಕೆಂದರೆ ಪಾರ್ಕ್ ಜಾಗದ ಮೇಲೆ ಕಣ್ಣು ಇದ್ದೇ ಇರುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಆಸ್ಪತ್ರೆಗೆ ಕೊಟ್ಟದ್ದು ಸಲ್ಲದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ಕೋರ್ಟಿಗೆ ಹೋದದ್ದು ಬಡಾವಣೆಯ ನಿವಾಸಿಗಳೇ.

ಹಣದ ಬಾಬ್ತುಗಳು. ಉದ್ಯಾನ ನಗರಸಭೆ–ಪಾಲಿಕೆಗಳ ಕೆಲಸವೇ, ಸಂವಿಧಾನದ 12ನೇ ಅನುಸೂಚಿಯಲ್ಲಿದೆ, ಹಾಗಾಗಿ ಪಾಲಿಕೆಯ ಸ್ವಂತ ನಿಧಿ ಮೊದಲ ಬಾಗಿಲು. ಕೇಂದ್ರ ಹಣಕಾಸು ಆಯೋಗದ ಅನುದಾನ ಎರಡನೆಯದು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡ ಹತ್ತು ಲಕ್ಷ ಮುಟ್ಟಲಿಲ್ಲ. ಅಂಥ ನಗರಗಳಿಗೆ 15ನೇ ಆಯೋಗ 2021–26ರ ಅವಧಿಗೆ ನೂರರಲ್ಲಿ 40 ಪಾಲನ್ನು ಅನ್‌ಟೈಡ್ (ಉದ್ದೇಶ ಗೊತ್ತುಮಾಡದ ಹಣ) ಎಂದೂ ಉಳಿದ 60 ಪಾಲನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ, ನೈರ್ಮಲ್ಯಕ್ಕೆ ಟೈಡ್ (ಅದಕ್ಕೇ ಮೀಸಲು) ಎಂದೂ ವಿಂಗಡಿಸಿತು. ಈ ಜಾಡು ತಿಳಿದರೆ ಅರ್ಜಿ ಬರೆಯುವ ರೀತಿಯೇ ಬದಲಾಗುತ್ತದೆ: ಪಾರ್ಕಿನ ಮಳೆನೀರು ಇಂಗುಗುಂಡಿಯನ್ನು ‘ಉದ್ಯಾನ ಅಭಿವೃದ್ಧಿ’ಯೊಳಗೆ ಸೇರಿಸಬೇಡಿ, ಮಳೆನೀರು ಕಾಮಗಾರಿ ಎಂದು ಬೇರೆ ಅಂದಾಜು ಮಾಡಿಸಿ. ಹಾಗೆಯೇ ಗಾಲಿಕುರ್ಚಿಗೆ ಬೇಕಾದ ರ‍್ಯಾಂಪ್, ಗೇಟು, ಶೌಚಾಲಯವನ್ನು ಅಂಗವಿಕಲರಿಗೆ ಮೀಸಲಿಟ್ಟ ಶೇ 5ರ ನಿಧಿಯಲ್ಲಿ ಕೇಳಿ ನೋಡಿ. ರ‍್ಯಾಂಪ್ 12ಕ್ಕೆ 1, ಗೇಟಿನ ಸಂದು 900 ಎಂಎಂ. ದನ ಬರಬಾರದೆಂದು ಹಾಕುವ ಸುತ್ತುಗೇಟು ಗಾಲಿಕುರ್ಚಿಯನ್ನೂ ತಡೆಯುತ್ತದೆ.

ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಗ್ರಿಲ್, ದೀಪದಂಥ ಬಾಳಿಕೆಯ ಆಸ್ತಿಗೆ ಕೇಳಬಹುದು, ನಿರ್ವಹಣೆಗೆ ಬರುವುದಿಲ್ಲ. ನಗರಗಳ ಮೂಲಸೌಕರ್ಯಕ್ಕೆ ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಶುರುವಾದಾಗ ಶೇ 2.5ರವರೆಗೆ ಉದ್ಯಾನಕ್ಕೆಂದೇ ಇತ್ತು. 2021ರ ಎರಡನೇ ಆವೃತ್ತಿಯ ಗಮನ ನೀರಿನ ಮೇಲೆ.

ಪತ್ರ ಕೊಡುವ ಕಾಲ ಅಕ್ಟೋಬರ್–ನವೆಂಬರ್. ಬಜೆಟ್ ಮಾರ್ಚ್‌ನಲ್ಲಿ ಮಂಡನೆಯಾದರೂ ವಲಯ ಕಚೇರಿಯ ಬೇಡಿಕೆ ಪಟ್ಟಿ ಅದಕ್ಕೆ ಬಹಳ ಮೊದಲೇ ಹೋಗಿರುತ್ತದೆ. ಫೆಬ್ರುವರಿಯಲ್ಲಿ ಕೊಟ್ಟ ಮನವಿಗೆ ಸಿಗುವುದು ಸ್ವೀಕೃತಿ ಮುದ್ರೆ ಮಾತ್ರ.

ಈಗ ನಿರ್ವಹಣೆ. ಒಬ್ಬ ಮಾಲಿಗೆ ಪಿಎಫ್, ಇಎಸ್‌ಐ ಸೇರಿ ತಿಂಗಳಿಗೆ 20 ಸಾವಿರ ಹಿಡಿದರೆ ವರ್ಷಕ್ಕೆ 2.4 ಲಕ್ಷ. ಮೇಲೆ ಹೇಳಿದ 20 ದೀಪ ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 90 ಯೂನಿಟ್, ವರ್ಷಕ್ಕೆ 12 ಸಾವಿರ ಇಡಿ. ದುರಸ್ತಿಗೆ ಕಾಮಗಾರಿ ಮೊತ್ತದ ಶೇ 2, ಅಂದರೆ 50 ಸಾವಿರ. ಒಟ್ಟು ವರ್ಷಕ್ಕೆ 3 ಲಕ್ಷ, ಮೂರು ವರ್ಷಕ್ಕೆ 9 ಲಕ್ಷ. ಇದನ್ನು ಬೇರೆ ಕೇಳಲು ಹೋಗಬೇಡಿ, ಸಿಗುವುದಿಲ್ಲ. ಮೂರು ವರ್ಷದ ನಿರ್ವಹಣೆಯನ್ನು ಟೆಂಡರಿನಲ್ಲೇ ಒಂದು ಬಾಬ್ತಾಗಿ ಸೇರಿಸಿ, ಮೂರು ತಿಂಗಳಿಗೊಮ್ಮೆ ಬಿಲ್ ಎಂದು ಷರತ್ತು ಹಾಕಿಸಿ. ಅಂದರೆ 25 ಲಕ್ಷದಲ್ಲಿ ಕಟ್ಟುವ ಕೆಲಸಕ್ಕೆ ಉಳಿಯುವುದು 16. ಕಾರಂಜಿಗೆ ಜಾಗವಿಲ್ಲ.

ಹೊಂಗೆನೆರಳು

ಮ್ಯಾಲಿನ ಲೆಕ್ಕದಾಗ ನೀರು ಬಿಟ್ಟುಹೋಗೈತಿ ನೋಡ್ರಿ. ಅಂದಾಜಿನ್ಯಾಗ ಉಳಿದ ಜಾಗಕ್ಕೆಲ್ಲ ಲಾನ್ ಅಂದ್ರ ಕಡಿಮಿ ಅಂದ್ರೂ 3,000 ಚದರ ಮೀಟರ್. ಬ್ಯಾಸಗಿಗೆ ಚದರ ಮೀಟರಿಗೆ ದಿನಾ 5 ಲೀಟರ್ ಬೇಕು, 15,000 ಲೀಟರ್ ಆತು. 5,000 ಲೀಟರಿನ ಟ್ಯಾಂಕರ್ ದಿನಾ ಮೂರು. ಡಿಸೆಂಬರಿಂದ ಮೇ ತನಕ 150 ದಿನ ಹಿಡಿದ್ರ 450 ಟ್ಯಾಂಕರ್, ಒಂದಕ್ಕ 600 ರೂಪಾಯಿ ಅಂದ್ರೂ 2.7 ಲಕ್ಷ. ಮಾಲಿ ಪಗಾರಕ್ಕಿಂತ ಹುಲ್ಲಿನ ನೀರು ತುಟ್ಟಿ. ಯಾರೂ ಕೊಡೂದಿಲ್ಲ, ಜನವರಿಗೆ ಹುಲ್ಲು ಒಣಗತೈತಿ, ಮಾರ್ಚಿಗೆ ಬರೇ ಧೂಳು. ಹುಡುಗೂರು ಕುಂಡ್ರಾಕ 500 ಚದರ ಮೀಟರ್ ಇಟ್ಟು ಉಳಿದದ್ದು ಮರಕ್ಕ ಬಿಡ್ರಿ.

ಬೇವು, ಹೊಂಗಿ, ನೇರಳಿ ಎರಿ ಭೂಮ್ಯಾಗ ಚಲೋ ಬರತಾವು. 8 ಮೀಟರಿಗೊಂದು. ಹುಣಸಿ ಹಚ್ಚೂದಾದ್ರ 10 ಮೀಟರ್ ಬಿಡ್ರಿ. ಆಲ, ಅರಳಿ ಬೇಲಿ ಹತ್ರ ಬ್ಯಾಡ. ಗುಲ್‌ಮೊಹರ್ ಚಂದ ಕಾಣತೈತಿ ಖರೆ, ಟೊಂಗಿ ಭಾಳ ಹಗುರ, ಗಾಳಿ ಬೀಸಿತು ಅಂದ್ರ ದಾರಿ ಮ್ಯಾಲ ಬೀಳತೈತಿ. ಏಪ್ರಿಲ್‌ದಾಗ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತಗದು ಬಿಸಲಿಗೆ ಬಿಡ್ರಿ. ತುಂಬೂಮುಂದ ತಗದ ಎರಿ ಮಣ್ಣಿನ್ಯಾಗ ಅರ್ಧ ಅಷ್ಟ ಹಾಕಿ, ಉಳಿದದ್ದು ಕೆಂಪು ಮಣ್ಣು, ಕೊಟ್ಟಿಗಿ ಗೊಬ್ಬರ. ಮಿರ್ಗದ (ಮೃಗಶಿರಾ) ಮಳಿಗೆ ಸಸಿ ಹಚ್ಚರಿ. ಸಸಿ ಆರಡಿ ಎತ್ತರಕ್ಕ ಕಡಿಮಿ ಬ್ಯಾಡ, ಸಣ್ಣು ಹಚ್ಚಿದ್ರ ಆಡು ಉಳಸೂದಿಲ್ಲ. ಟೆಂಡರಿನ್ಯಾಗ ‘60 ಸಸಿ’ ಅಂತ ಬರಸಬ್ಯಾಡ್ರಿ, ‘ಮೂರನೇ ವರ್ಷಕ್ಕ ಜೀವಂತ 60 ಸಸಿ’ ಅಂತ ಬರಸ್ರಿ.

ಬತ್ತಿದ ಬೋರ್ ಮುಚ್ಚಬ್ಯಾಡ್ರಿ, ಆದ್ರ ಬಾಯಿ ತೆರೆದೂ ಇಡಬ್ಯಾಡ್ರಿ. ಸುತ್ತ 3 ಮೀಟರ್ ಉದ್ದ, ಅಗಲ, ಆಳದ ಗುಂಡಿ ತಗದು, ಕೇಸಿಂಗ್ ಪೈಪಿಗೆ ತೂತು ಹಾಕಿ ಜಾಳಿಗಿ ಸುತ್ತಿ, ಕೆಳಗ ದಪ್ಪ ಕಲ್ಲು, ಅದರ ಮ್ಯಾಲ 40 ಎಂಎಂ ಜಲ್ಲಿ, 20 ಎಂಎಂ ಜಲ್ಲಿ, ಎಲ್ಲಾಕಿಂತ ಮ್ಯಾಲ ಮರಳು. ಬಾಯಿಗೆ ಗಟ್ಟಿ ಕ್ಯಾಪ್. ಸಾದಾ ಇಂಗುಗುಂಡಿ ಎರಿ ಮಣ್ಣಾಗ ಕೆಲಸಕ್ಕ ಬರೂದಿಲ್ಲ, ನೀರು ಹಂಗ ನಿಂತು ಸೊಳ್ಳಿ ಸಾಕತೈತಿ. ಮರಳಿನ ಪದರ ವರ್ಷಕ್ಕೊಮ್ಮೆ ಮಳಿಗಾಲಕ್ಕ ಮೊದಲ ತಗದು ತೊಳೀಬೇಕು. ರಸ್ತೆ ನೀರು ಅದಕ್ಕ ಬಿಡಬ್ಯಾಡ್ರಿ, ಆಯಿಲ್ ಇರತೈತಿ.

ಜಿಮ್ ಬಗ್ಗೆ ಒಂದ ಮಾತು. ಅದನ್ನ ಪೂರಾ ತಗೀಬ್ಯಾಡ್ರಿ. ದುಡ್ಡು ಕೊಟ್ಟು ಜಿಮ್‌ಗೆ ಹೋಗದ ಹೆಣ್ಣುಮಕ್ಕಳು ಬೆಳಗ್ಗೆ ಬರೂದು ಅದಕ್ಕ. ನಾಲ್ಕು ಸಾಮಾನು ಸಾಕು, ಬೇರಿಂಗ್ ಎರಡೆರಡು ಜೋಡಿ ಹೆಚ್ಚಿಗಿ ಕೊಡಬೇಕು ಅಂತ ಷರತ್ತು ಹಾಕ್ರಿ. ಕೆಡೂದು ಮೊದಲ ಬೇರಿಂಗ್, ಆಮ್ಯಾಲ ಸೀಟಿನ ವೆಲ್ಡಿಂಗ್.

ಅಳತೆಪಟ್ಟಿ

ಜಿಮ್ ವಿಷಯ ಒಪ್ಪಿದೆ. ಮಕ್ಕಳ ಆಟದ ಜಾಗದ ಅಡಿಗೆ ಕಾಂಕ್ರೀಟ್, ಪೇವರ್ ಬೇಡ, 300 ಎಂಎಂ ಮರಳು. ಉಯ್ಯಾಲೆಯ ಅಡ್ಡಪಟ್ಟಿ 2.4 ಮೀಟರ್ ಎತ್ತರವಿದ್ದರೆ ಹಿಂದೆ ಮುಂದೆ 4.8 ಮೀಟರ್ ಖಾಲಿ ಇರಬೇಕು. ಜಾರುಬಂಡೆ ಕಬ್ಬಿಣದ್ದಾದರೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಿ, ಪಶ್ಚಿಮಕ್ಕಿದ್ದರೆ ಸಂಜೆ ನಾಲ್ಕಕ್ಕೆ ಮಗು ಕೂರಲಾಗದು.

ಬಡಾವಣೆ_ಸಂಘ

ಎಲ್ಲರಿಗೂ ಧನ್ಯವಾದ. ಲಾನ್, ಕಾರಂಜಿ, ಕಮಾನು ತೆಗೆಸುತ್ತೇವೆ. ಸಿಎಸ್‌ಆರ್ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಸಂಘ ಸೊಸೈಟಿಯಾಗಿ ನೋಂದಣಿಯಾಗಿದೆ, 12ಎ (ಆದಾಯ ತೆರಿಗೆ ಕಾಯ್ದೆಯ ದತ್ತಿ ಸಂಸ್ಥೆ ನೋಂದಣಿ) ಇಲ್ಲ. ಆ 15 ಲಕ್ಷ ಸಂಘದ ಖಾತೆಗೆ ಪಡೆಯಬಹುದೇ?

ಕಡತ_ಕಪಾಟು

ಪಡೆಯಬೇಡಿ. ಬೇರೆ ಸಂಸ್ಥೆಯ ಮೂಲಕ ಸಿಎಸ್‌ಆರ್ ಖರ್ಚಾಗಬೇಕಾದರೆ ಆ ಸಂಸ್ಥೆಗೆ 12ಎ, 80ಜಿ (ದಾನಿಗಳಿಗೆ ತೆರಿಗೆ ವಿನಾಯಿತಿ), ಸಿಎಸ್‌ಆರ್-1 (ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ) ನೋಂದಣಿ ಮತ್ತು ಮೂರು ವರ್ಷದ ಕೆಲಸದ ಅನುಭವ ಬೇಕು. ನಿಮಗೆ ಸುಲಭದ ದಾರಿ, ಕಂಪನಿಯೇ ನೇರವಾಗಿ ಕೆಲಸ ಮಾಡಿಸುವುದು. ಒಪ್ಪಂದ ಕಂಪನಿ ಮತ್ತು ಪಾಲಿಕೆಯ ನಡುವೆ ಆಗಲಿ, ಸಂಘ ಸಾಕ್ಷಿಯಾಗಿರಲಿ. ಸಿಎಸ್‌ಆರ್ ಹಣದಲ್ಲಿ ಆದ ಆಸ್ತಿ ಕಂಪನಿಯ ಹೆಸರಿನಲ್ಲಿ ಉಳಿಯುವಂತಿಲ್ಲ, ಪಾಲಿಕೆಗೆ ಬರೆದುಕೊಡಬೇಕು. ಒಪ್ಪಂದದಲ್ಲಿ ಗೇಟಿಗೆ ಬೀಗ ಹಾಕುವ ಅಧಿಕಾರ ಯಾರಿಗೂ ಇಲ್ಲ, ನಾಮಫಲಕ ಒಂದೇ ಮತ್ತು ಅದರ ಅಳತೆ ಇಷ್ಟು ಎಂದು ಬರೆಸಿ. ಇಲ್ಲದಿದ್ದರೆ ಪ್ರತಿ ಬೆಂಚಿನ ಮೇಲೂ ಲೋಗೊ ಬರುತ್ತದೆ.

ಕಂಪನಿಯವರು ಇದನ್ನು ‘ಚಾಲ್ತಿ ಯೋಜನೆ’ ಎಂದು ಘೋಷಿಸಿದರೆ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಖರ್ಚು ಮಾಡಬಹುದು. ಹಾಗಾಗಿ ಆ 15 ಲಕ್ಷದಲ್ಲಿ ದೀಪ ಮತ್ತು ಆಟದ ಸಾಮಾನು, ಜೊತೆಗೆ ಅವುಗಳ ಮೂರು ವರ್ಷದ ದುರಸ್ತಿ ಕೇಳಿ. ಮಣ್ಣು, ದಾರಿ, ಬೇಲಿ ಪಾಲಿಕೆಯ ಟೆಂಡರಿನಲ್ಲಿರಲಿ. ಕಣ್ಣಿಗೆ ಕಾಣದ ಮೊರಂಗೆ ಯಾವ ಕಂಪನಿಯೂ ಫಲಕ ಹಾಕಿಸಿಕೊಳ್ಳುವುದಿಲ್ಲ.

ಕಂಪನಿ ಮಾಡಿಸುವ ಕೆಲಸಕ್ಕೆ ಪಾಲಿಕೆ ಬಿಲ್ ಕೊಡುವುದಿಲ್ಲ, ಆದ್ದರಿಂದ ಬಿಲ್ಲಿಗಾಗಿ ಎಂಜಿನಿಯರ್ ಬರೆಯುವ ಅಳತೆ ಪುಸ್ತಕದಲ್ಲಿ ಅದು ದಾಖಲಾಗುವುದಿಲ್ಲ. ಕೇಬಲ್ ಎಲ್ಲಿ ಹೂತಿದೆ ಎಂಬುದಕ್ಕೆ ಆಗ ಎಲ್ಲೂ ಗುರುತಿರುವುದಿಲ್ಲ. ಹಸ್ತಾಂತರದ ದಿನ ಸಹಾಯಕ ಎಂಜಿನಿಯರ್ ಜೊತೆ ಜಂಟಿ ಅಳತೆ ಮಾಡಿಸಿ, ಕೇಬಲ್ ಮತ್ತು ಪೈಪಿನ ನಕ್ಷೆಗೆ ಇಬ್ಬರ ಸಹಿ ಹಾಕಿಸಿ. ಒಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿ ಮೀಟರ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿ. ಮುಂದೆ ಗುಂಡಿ ತೋಡಲು ಬರುವವನು ಕಚೇರಿಗೆ ಹೋಗಿ ಕಡತ ನೋಡುವುದಿಲ್ಲ.