ಲಾಡ್ಜ್‌ನ ಚರಿತ್ರೆ ಬರೆಯುವಾಗ ಗೋಡೆ ಮೇಲಿನ ಮಾಸ್ಟರ್‌ಗಳ ಪಟ್ಟಿಯನ್ನು ಎಷ್ಟು ನಂಬಬಹುದು?

ಹಳೇ_ಮಿನಿಟ್ಸ್ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಒಂದು ಸಣ್ಣ ಊರಿನ ಮೇಸನಿಕ್ ಲಾಡ್ಜ್‌ನಲ್ಲಿ, ಅಂದರೆ ಫ್ರೀಮೇಸನ್ ಅನ್ನುವ ಸೋದರ ಸಂಘದ ಸ್ಥಳೀಯ ಶಾಖೆಯಲ್ಲಿ, ನಾನು ಸದಸ್ಯ. ಲಾಡ್ಜ್‌ನ ಚರಿತ್ರೆ ಬರೆದುಕೊಡು ಅಂತ ಹಿರಿಯರು ನನಗೆ ಒಪ್ಪಿಸಿದ್ದಾರೆ. ಖುಷಿಯಿಂದಲೇ ಒಪ್ಪಿಕೊಂಡೆ, ಆದರೆ ಮೂರು ಕಡೆ ಮುಂದೆ ಹೋಗೋಕೆ ಆಗುತ್ತಿಲ್ಲ.

ಮೊದಲನೆಯದು ನಂಬರ್. ವಾರಂಟ್ (ಲಾಡ್ಜ್ ನಡೆಸೋಕೆ ಕೊಟ್ಟ ಅನುಮತಿ ಪತ್ರ) ಮೇಲೆ ಒಂದು ನಂಬರ್ ಇದೆ. 1820ರ ದಶಕದ ಮಿನಿಟ್ಸ್‌ನಲ್ಲಿ (ಸಭೆಯ ನಡಾವಳಿ ಪುಸ್ತಕ) ಬೇರೆ ನಂಬರ್, 1840ರ ಹೊತ್ತಿಗೆ ಮತ್ತೊಂದು, ಈಗ ನಾವು ಬಳಸೋದು ಇನ್ನೊಂದು. ಬೇರೆ ಬೇರೆ ಲಾಡ್ಜ್‌ಗಳು ಸೇರಿ ಒಂದಾಗಿರಬೇಕು ಅಂತ ನಮ್ಮಲ್ಲಿ ಕೆಲವರು ಹೇಳುತ್ತಾರೆ. ಎರಡನೆಯದು, ವಾರಂಟ್‌ನ ತಾರೀಖು 1760ರ ದಶಕದ್ದು, ಆದರೆ ಮಿನಿಟ್ಸ್ ಶುರುವಾಗುವುದೇ 1803ರಲ್ಲಿ. ನಡುವಿನ ಅಷ್ಟೂ ವರ್ಷಗಳ ಒಂದು ಚೀಟಿಯೂ ಸಿಕ್ಕಿಲ್ಲ. ಮೂರನೆಯದು, ಹಾಲ್‌ನಲ್ಲಿ ತೂಗುಹಾಕಿರುವ ಮಾಸ್ಟರ್‌ಗಳ, ಅಂದರೆ ಲಾಡ್ಜ್‌ನ ಮುಖ್ಯಸ್ಥರ, ಹೆಸರಿನ ಹಲಗೆ. ಚಿನ್ನದ ಬಣ್ಣದ ಅಕ್ಷರ, ನೋಡೋಕೆ ಬಹಳ ಚೆನ್ನಾಗಿದೆ. ಆದರೆ ಶುರುವಿನಲ್ಲಿ ಕೆಲವು ವರ್ಷಗಳಿಗೆ ಎರಡೆರಡು ಹೆಸರು, ಒಂದು ಕಡೆ ಒಬ್ಬರದೇ ಹೆಸರು ನಾಲ್ಕು ವರ್ಷ, ಆಮೇಲೆ ಎರಡು ವರ್ಷ ಖಾಲಿ.

ಸದ್ಯಕ್ಕೆ ಒಬ್ಬೊಬ್ಬ ಮಾಸ್ಟರ್ ಬಗ್ಗೆ ಒಂದೊಂದು ಪ್ಯಾರಾ ಬರೆಯೋಣ ಅಂದುಕೊಂಡಿದ್ದೇನೆ. ಇದು ಸರಿಹೋಗುತ್ತಾ? ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಾರಿ ತೋರಿಸಿ.

ಕಡತಪ್ರಿಯ:

ನಂಬರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಯಾವ ಲಾಡ್ಜೂ ಯಾವುದರ ಜೊತೆಗೂ ಸೇರಿರಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಲಾಡ್ಜ್‌ಗಳ ಮೇಲಿನ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜ್‌ನವರೇ ಆಗಾಗ ಇಡೀ ಪಟ್ಟಿಗೆ ಹೊಸ ನಂಬರ್ ಹಾಕುತ್ತಿದ್ದರು. ನಿಂತುಹೋದ ಲಾಡ್ಜ್‌ಗಳನ್ನು ತೆಗೆದು, ಉಳಿದವನ್ನು ಮೇಲಕ್ಕೆ ಸರಿಸುತ್ತಿದ್ದರು. 1792ರಲ್ಲಿ ಹೀಗಾಯಿತು, ಆಮೇಲೆ 1814, 1832, 1863. ಅದಾದ ಮೇಲೆ ನಿಂತಿತು, ಹಾಗಾಗಿ ಈಗ ನೀವು ಬಳಸುವ ನಂಬರ್ 1863ರದ್ದು. ನಿಮ್ಮ 1820ರ ಮತ್ತು 1840ರ ನಂಬರ್‌ಗಳು ಬೇರೆ ಬೇರೆ ಯಾಕೆ ಅನ್ನೋದಕ್ಕೆ 1832 ಒಂದೇ ಸಾಕು.

1814ರದ್ದು ಸ್ವಲ್ಪ ಬೇರೆ ಕಥೆ, ಅದನ್ನು ಚರಿತ್ರೆಯಲ್ಲಿ ಖಂಡಿತ ಬರೆಯಿರಿ. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಎರಡು ಗ್ರ್ಯಾಂಡ್ ಲಾಡ್ಜ್ ಇದ್ದವು. ಒಂದು 1717ರಲ್ಲಿ ಲಂಡನ್‌ನ ನಾಲ್ಕು ಲಾಡ್ಜ್‌ಗಳು ಕೂಡಿ ಕಟ್ಟಿಕೊಂಡದ್ದು ಅಂತ ಹೇಳುವ ಹಳೆಯದು, ಇನ್ನೊಂದು 1751ರಲ್ಲಿ ಶುರುವಾದದ್ದು. ತಮಾಷೆ ಏನೆಂದರೆ ಹೊಸಬರು ತಮ್ಮನ್ನು 'ಆಂಟಿಯೆಂಟ್ಸ್' (ಪುರಾತನರು) ಅಂತ ಕರೆದುಕೊಂಡು, ಹಳಬರಿಗೆ 'ಮಾಡರ್ನ್ಸ್' ಅಂತ ಹೆಸರಿಟ್ಟರು. ಅರವತ್ತು ವರ್ಷ ಮುಖ ತಿರುಗಿಸಿಕೊಂಡಿದ್ದವರು 1813ರ ಡಿಸೆಂಬರ್ 27ರಂದು ಒಂದಾದರು, ಸಸೆಕ್ಸ್‌ನ ಡ್ಯೂಕ್ ಗ್ರ್ಯಾಂಡ್ ಮಾಸ್ಟರ್ ಆದ. ಆಗ ಯಾರ ಲಾಡ್ಜ್‌ಗೆ ನಂಬರ್ 1 ಅಂತ ಚೀಟಿ ಎತ್ತಿದರು. ಅದು ಆಂಟಿಯೆಂಟ್ಸ್ ಪಾಲಾಯಿತು. ಮಾಡರ್ನ್ಸ್ ಕಡೆಯ, ವಯಸ್ಸಿನಲ್ಲಿ ಎಷ್ಟೋ ದೊಡ್ಡದಾದ ಲಾಡ್ಜ್ ಆಫ್ ಆಂಟಿಕ್ವಿಟಿ ಇವತ್ತಿಗೂ ನಂಬರ್ 2. ಉಳಿದವನ್ನು ಇವರದೊಂದು ಅವರದೊಂದು ಅಂತ ಹೆಣೆದರು. ಅದಕ್ಕೇ ನಂಬರ್ ನೋಡಿ ಲಾಡ್ಜ್‌ನ ವಯಸ್ಸು ಹೇಳೋಕೆ ಹೋಗಬಾರದು.

ನಿಮ್ಮ ಎರಡನೇ ಪ್ರಶ್ನೆಯೇ ನಿಜವಾಗಿ ಮುಖ್ಯವಾದದ್ದು. 1799ರಲ್ಲಿ ಫ್ರಾನ್ಸ್ ಕ್ರಾಂತಿಯ ಭಯದಲ್ಲಿ ಪಾರ್ಲಿಮೆಂಟ್ ಗುಪ್ತ ಸಂಘಗಳ ವಿರುದ್ಧ ಕಾಯ್ದೆ ತಂದಿತು. ಮೇಸನ್‌ರಿಗೆ ವಿನಾಯಿತಿ ಸಿಕ್ಕಿತು, ಆದರೆ ಆಗಲೇ ಇದ್ದ ಲಾಡ್ಜ್‌ಗಳಿಗೆ ಮಾತ್ರ. ಹೊಸ ಲಾಡ್ಜ್ ತೆರೆಯೋಕೆ ದಾರಿ ಇಲ್ಲದೆ, ಎಂದೋ ಮುಚ್ಚಿಹೋದ ಲಾಡ್ಜ್‌ಗಳ ವಾರಂಟನ್ನು ಹೊಸಬರಿಗೆ ಕೊಡೋಕೆ ಶುರುಮಾಡಿದರು. ನಿಮ್ಮ ಮಿನಿಟ್ಸ್ 1803ರಲ್ಲಿ ಶುರುವಾಗಿದೆ ಅಂದಿರಿ. ನನಗೆ ಬಲವಾದ ಅನುಮಾನ, ಆ ವಾರಂಟ್ ಮೊದಲು ಬೇರೆ ಯಾವುದೋ ಊರಿನ ಲಾಡ್ಜ್‌ನದ್ದು.

ಪರೀಕ್ಷೆ ಮಾಡೋದು ಸುಲಭ. ಜಾನ್ ಲೇನ್ ಅನ್ನುವವರು 1886ರಲ್ಲಿ 'ಮೇಸನಿಕ್ ರೆಕಾರ್ಡ್ಸ್' ಅಂತ ಪ್ರಕಟಿಸಿದರು, ಈಗ ಅದು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಒಂದೊಂದು ಲಾಡ್ಜ್ ಯಾವ ವರ್ಷ ಎಲ್ಲಿ ಸೇರುತ್ತಿತ್ತು, ನಂಬರ್ ಹೇಗೆ ಬದಲಾಯಿತು, ಯಾವಾಗ ಪಟ್ಟಿಯಿಂದ ತೆಗೆದರು, ಎಲ್ಲ ಇದೆ. ವಾರಂಟ್ ಮೇಲಿನ ನಂಬರ್ ಹಾಕಿ ಹುಡುಕಿ. ಇನ್ನೊಂದು ವಿಷಯ, ಹಳೇ ಕಾಗದದಲ್ಲಿ 5803 ಅಂತೇನಾದರೂ ಕಂಡರೆ ಗಾಬರಿ ಬೇಡ, 4000 ಕಳೆದುಬಿಡಿ, 1803 ಬರುತ್ತದೆ. ಅದು ಮೇಸನ್‌ರ ವರ್ಷದ ಲೆಕ್ಕ.

ಹೊರಗಿನವನು:

ನಾನು ಮೇಸನ್ ಅಲ್ಲ, ಓದುತ್ತಾ ಕುತೂಹಲ ಆಯಿತು. ಇದು ಗುಟ್ಟಿನ ಸಂಘ ಅಲ್ವಾ? ಯಾರು ಸದಸ್ಯರಾಗಿದ್ದರು, ಯಾರು ಮುಖ್ಯಸ್ಥರು ಅಂತೆಲ್ಲ ಬರೆದು ಅಚ್ಚುಹಾಕಬಹುದಾ?

ಕಡತಪ್ರಿಯ:

ಧಾರಾಳವಾಗಿ. ಗುಟ್ಟು ಅಂತ ಇಟ್ಟುಕೊಳ್ಳೋದು ಒಬ್ಬರನ್ನೊಬ್ಬರು ಗುರುತಿಸುವ ಸಂಜ್ಞೆ, ಪದ, ಅಷ್ಟೇ. ಮೇಲೆ ಹೇಳಿದ 1799ರ ಕಾಯ್ದೆಯಂತೆ ಪ್ರತಿ ಲಾಡ್ಜೂ ತನ್ನ ಸದಸ್ಯರ ಹೆಸರು, ವಿಳಾಸ, ಕಸುಬು ಬರೆದು ವರ್ಷವರ್ಷ ಜಿಲ್ಲೆಯ ಸರ್ಕಾರಿ ಗುಮಾಸ್ತರಿಗೆ ಕೊಡಬೇಕಿತ್ತು. 1967ರವರೆಗೂ ಈ ನಿಯಮ ಇತ್ತು. ಆ ಪಟ್ಟಿಗಳಲ್ಲಿ ಎಷ್ಟೋ ಈಗ ಕೌಂಟಿಯ ದಾಖಲೆ ಕಚೇರಿಗಳಲ್ಲಿವೆ, ಯಾರು ಬೇಕಾದರೂ ಹೋಗಿ ನೋಡಬಹುದು. ಬದುಕಿರುವವರ ವಿಷಯ ಮಾತ್ರ ಅವರನ್ನು ಕೇಳಿಯೇ ಬರೆಯಬೇಕು.

ಎರಡನೇ_ಪೆನ್:

ಹಲಗೆ ಬಗ್ಗೆ ನಾನು ಹೇಳುತ್ತೇನೆ. ಒಂದು ಲಾಡ್ಜ್‌ನಲ್ಲಿ ಬಹಳ ಕಾಲ ಸೆಕ್ರೆಟರಿ ಆಗಿದ್ದವನು ನಾನು.

ಒಂದೇ ವರ್ಷಕ್ಕೆ ಎರಡು ಹೆಸರು ಇದ್ದರೆ ತಪ್ಪೇನಿಲ್ಲ. ಆ ಕಾಲದಲ್ಲಿ ಎಷ್ಟೋ ಲಾಡ್ಜ್‌ಗಳಲ್ಲಿ ಆರು ತಿಂಗಳಿಗೊಮ್ಮೆ ಮಾಸ್ಟರ್ ಚುನಾವಣೆ ಆಗುತ್ತಿತ್ತು, ಜೂನ್ 24 ಮತ್ತು ಡಿಸೆಂಬರ್ 27ರ ಸೇಂಟ್ ಜಾನ್ ದಿನಗಳ ಸುಮಾರಿಗೆ. ಒಬ್ಬರೇ ನಾಲ್ಕು ವರ್ಷ ಇದ್ದದ್ದು ಯಾವ ಕಾಲದ್ದು ಅಂತ ನೋಡಿ. ಈಗಿನ ನಿಯಮದಲ್ಲಿ ಸತತ ಎರಡು ವರ್ಷಕ್ಕಿಂತ ಜಾಸ್ತಿ ಇರಬೇಕಾದರೆ ವಿಶೇಷ ಅನುಮತಿ ಬೇಕು. ಅನುಮತಿ ಕೇಳಿದ್ದರೆ ಮಿನಿಟ್ಸ್‌ನಲ್ಲಿ ಒಂದು ಸಾಲಾದರೂ ಇರುತ್ತದೆ. ಖಾಲಿ ಇರುವ ಎರಡು ವರ್ಷಕ್ಕೆ ಖಜಾಂಚಿಯ ಲೆಕ್ಕದ ಪುಸ್ತಕ ತೆಗೆಯಿರಿ. ಬಾಡಿಗೆ ಕಟ್ಟಿದ್ದಾರಾ, ಮೇಣದಬತ್ತಿಗೆ ದುಡ್ಡು ಹೋಗಿದೆಯಾ ನೋಡಿ. ಮೇಣದಬತ್ತಿಯ ಖರ್ಚು ಇದ್ದರೆ ಲಾಡ್ಜ್ ಸೇರಿದೆ, ಹಲಗೆ ಬರೆಸಿದವರಿಗೆ ಹೆಸರು ಸಿಕ್ಕಿಲ್ಲ ಅಷ್ಟೇ. ಬಾಗಿಲು ಕಾಯುವ ಟೈಲರ್ ಹತ್ತಿರ ಇರುವ ಸಹಿ ಪುಸ್ತಕವನ್ನೂ ಬಿಡಬೇಡಿ, ಬಾಗಿಲಲ್ಲಿ ಸಹಿ ಹಾಕದೆ ಯಾರೂ ಒಳಗೆ ಹೋಗುತ್ತಿರಲಿಲ್ಲ.

ಆದರೆ ಒಬ್ಬೊಬ್ಬ ಮಾಸ್ಟರ್‌ಗೆ ಒಂದೊಂದು ಪ್ಯಾರಾ ಅನ್ನೋದು ದಯವಿಟ್ಟು ಬೇಡ. ಓದುವವರು ಹತ್ತನೇ ಪ್ಯಾರಾದಲ್ಲಿ ಪುಸ್ತಕ ಮುಚ್ಚುತ್ತಾರೆ. ಅದಕ್ಕಿಂತ ದೊಡ್ಡ ಕಾರಣ, ಅದು ಲಾಡ್ಜ್ ನಡೆದ ರೀತಿಯೇ ಅಲ್ಲ. ಮಾಸ್ಟರ್ ಒಂದು ವರ್ಷ ಕೂರುತ್ತಾರೆ, ಇಳಿಯುತ್ತಾರೆ. ಅದಕ್ಕೂ ಮೊದಲು ಡೀಕನ್, ವಾರ್ಡನ್ ಅಂತ ಮೆಟ್ಟಿಲು ಹತ್ತಿ ಬಂದಿರುತ್ತಾರೆ, ಇಳಿದ ಮೇಲೆ ಪಾಸ್ಟ್ ಮಾಸ್ಟರ್‌ಗಳ ಸಾಲಿನಲ್ಲಿ ಕೂತು ಹೊಸಬರಿಗೆ ಹೇಳಿಕೊಡುತ್ತಾರೆ. ಸೆಕ್ರೆಟರಿ ಮತ್ತು ಟ್ರೆಷರರ್ ಮಾತ್ರ ಹತ್ತು, ಇಪ್ಪತ್ತು ವರ್ಷ ಅಲ್ಲೇ ಇರುತ್ತಾರೆ. ಯಾರಿಗೆ ಕಾಯಿಲೆ, ಯಾರ ವಿಧವೆಗೆ ಸಹಾಯ ಬೇಕು, ಯಾರ ಚಂದಾ ಬಾಕಿ, ಯಾರಿಬ್ಬರಿಗೆ ಮಾತಿಲ್ಲ, ಎಲ್ಲ ಗೊತ್ತಿರೋದು ಅವರಿಗೆ.

ಆಂಟಿಯೆಂಟ್ಸ್ ಚರಿತ್ರೆಯನ್ನೇ ನೋಡಿ. ಗ್ರ್ಯಾಂಡ್ ಮಾಸ್ಟರ್‌ಗಳ ಪಟ್ಟಿಯಲ್ಲಿ ಅಥೋಲ್‌ನ ಡ್ಯೂಕ್‌ನಂಥ ದೊಡ್ಡ ದೊಡ್ಡ ಹೆಸರುಗಳಿವೆ. ಆದರೆ ಅದನ್ನು ಕಟ್ಟಿ ನಿಲ್ಲಿಸಿದವನು ಲಾರೆನ್ಸ್ ಡರ್ಮಟ್, ಐರ್ಲೆಂಡಿನಿಂದ ಬಂದು ಲಂಡನ್‌ನಲ್ಲಿ ಬಣ್ಣ ಬಳಿಯುವ ಕೂಲಿ ಮಾಡುತ್ತಿದ್ದ ಮನುಷ್ಯ. 1752ರಲ್ಲಿ ಗ್ರ್ಯಾಂಡ್ ಸೆಕ್ರೆಟರಿ ಆಗಿ ಸುಮಾರು ಇಪ್ಪತ್ತು ವರ್ಷ ಪತ್ರ, ಲೆಕ್ಕ, ನಿಯಮ ಎಲ್ಲ ತಾನೇ ನೋಡಿಕೊಂಡ. ಬರೀ ಗ್ರ್ಯಾಂಡ್ ಮಾಸ್ಟರ್‌ಗಳ ಪಟ್ಟಿ ಹಿಡಿದು ಬರೆದರೆ ಅವನ ಸುದ್ದಿಯೇ ಬರೋದಿಲ್ಲ. ನಿಮ್ಮ ಲಾಡ್ಜ್‌ನಲ್ಲೂ ಅಂಥ ಒಬ್ಬರು ಇದ್ದೇ ಇರುತ್ತಾರೆ. ಮಿನಿಟ್ಸ್‌ನಲ್ಲಿ ಒಂದೇ ಕೈಬರಹ ಎಷ್ಟು ವರ್ಷ ನಡೆದಿದೆ ಅಂತ ಪುಟ ತಿರುಗಿಸುತ್ತಾ ಹೋಗಿ, ಅವರ ಸುತ್ತ ಅಧ್ಯಾಯ ಕಟ್ಟಿ. ಮಾಸ್ಟರ್‌ಗಳ ಪೂರ್ತಿ ಪಟ್ಟಿ ಕೊನೆಯಲ್ಲಿ ಅನುಬಂಧವಾಗಿ ಇರಲಿ.

ಹಳೇ_ಮಿನಿಟ್ಸ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಲೇನ್ ಪಟ್ಟಿ ನೋಡಿದೆ. ಕಡತಪ್ರಿಯ ಅವರ ಅನುಮಾನ ನಿಜ. ನಮ್ಮ ವಾರಂಟ್ ಮೊದಲು ಇನ್ನೊಂದು ಊರಿನ ಹೋಟೆಲಿನಲ್ಲಿ ಸೇರುತ್ತಿದ್ದ ಲಾಡ್ಜ್‌ಗೆ ಕೊಟ್ಟಿದ್ದು, ಅದು ಕೆಲವೇ ವರ್ಷದಲ್ಲಿ ನಿಂತುಹೋಗಿದೆ. ಲೆಕ್ಕದ ಪುಸ್ತಕವನ್ನೂ ತೆಗೆದೆ. ಖಾಲಿ ಇದ್ದ ಎರಡು ವರ್ಷವೂ ಮೇಣದಬತ್ತಿಗೆ, ಕಲ್ಲಿದ್ದಲಿಗೆ ದುಡ್ಡು ಹೋಗಿದೆ. ಕೆಳಗೆ ಸೀನಿಯರ್ ವಾರ್ಡನ್ ಸಹಿ, 'ಮಾಸ್ಟರ್ ಇಲ್ಲದ ಕಾರಣ' ಅಂತ ಬರೆದಿದೆ. ಬೆನ್ನು ಕಿತ್ತುಹೋದ ಪುಸ್ತಕ, ಆ ಸಹಿ ಮಾತ್ರ ನಿನ್ನೆ ಹಾಕಿದಷ್ಟು ಕಪ್ಪಗಿದೆ.

ಈಗ ಕಷ್ಟ ಬೇರೆ. ನಮ್ಮ ಲೆಟರ್‌ಹೆಡ್‌ನಲ್ಲಿ 1760ರ ದಶಕದ ಇಸವಿಯೇ ಇದೆ, ಹಿರಿಯರಿಗೆ ಅದರ ಮೇಲೆ ಬಹಳ ಪ್ರೀತಿ. ಹೇಗೆ ಹೇಳೋದು?

ಎರಡನೇ_ಪೆನ್:

ಎರಡೂ ಇಸವಿ ಬರೆಯಿರಿ. ವಾರಂಟ್‌ನ ವಯಸ್ಸು ಅದು, ನಿಮ್ಮ ಲಾಡ್ಜ್‌ನ ವಯಸ್ಸು ಇದು ಅಂತ ಮೊದಲ ಪುಟದಲ್ಲೇ ಸ್ಪಷ್ಟವಾಗಿ ಇರಲಿ. ಸೆಂಟಿನರಿ ವಾರಂಟ್ ಅನ್ನುವ ಶತಮಾನದ ಮನ್ನಣೆ ಪತ್ರ ಕೊಡುವಾಗ ಗ್ರ್ಯಾಂಡ್ ಲಾಡ್ಜ್ ಕೇಳೋದೂ ಅದನ್ನೇ, ನೂರು ವರ್ಷ ತಡೆಯಿಲ್ಲದೆ ನಡೆದಿದೆಯಾ ಅಂತ. ನಿಮ್ಮ ಹತ್ತಿರ 1803ರಿಂದ ಪುಸ್ತಕ ಇದೆ, ಖಾಲಿ ವರ್ಷಗಳಿಗೂ ಈಗ ಸಾಕ್ಷಿ ಸಿಕ್ಕಿದೆ. ಹಿರಿಯರಿಗೆ ಬಾಯಲ್ಲಿ ವಿವರಿಸುವ ಮೊದಲು ಆ ಲೆಕ್ಕದ ಪುಟ ತೋರಿಸಿ. ಆಮೇಲೆ ಆ ಸೀನಿಯರ್ ವಾರ್ಡನ್ ಯಾರು ಅಂತ ಹುಡುಕಿ, ಎರಡು ವರ್ಷ ಲಾಡ್ಜ್ ನಡೆಸಿದ್ದು ಅವರೇ ಅಲ್ವಾ, ಕೌಂಟಿಯ ಪಟ್ಟಿಯಲ್ಲಿ ಅವರ ಕಸುಬೂ ಸಿಗಬಹುದು.